ಎರಡೂ ಕೈಯಲ್ಲಿ ತೆಗೆದುಕೊಂಡ ಸೇಬು

ಆ ಮನೆಯಲ್ಲಿ ನನ್ನ ಕೋಣೆಯನ್ನು ‘ವಾಯತ್’ ಎಂದು ಕರೆಯುತ್ತಿದ್ದರು. ಹೆಸರಿಟ್ಟದ್ದು ನನ್ನ ಸಹೋದ್ಯೋಗಿಯ ಅತ್ತೆ. ಅವರು ಬರುವ ಮೊದಲು ಅದು ಬರೀ ಕೋಣೆ, ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ಹಳೆಯ ಕಟ್ಟಡವೊಂದರಲ್ಲಿ ಎರಡು ಬೆಡ್‌ರೂಮಿನ ಫ್ಲಾಟಿನ ಚಿಕ್ಕ ಬೆಡ್‌ರೂಮು.

ಸಹೋದ್ಯೋಗಿ ಸರ್ಬಿಯಾದವಳು. ನಾವಿಬ್ಬರೂ ದುಬೈಯ ಒಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇವೆ. ಹಾಲು, ನೀರು, ಮೀನಿನಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವುದು ನನ್ನ ಕೆಲಸ. ಸೀಸ, ಪಾದರಸ ಇದೆಯೇ ಎಂದು ನೋಡುವುದು ಅವಳದು. ನಾನು ಆಗ ಕರಾಮಾದಲ್ಲಿ, ಒಂದೇ ಕೋಣೆಯಲ್ಲಿ ಹಲವರು ಮಂಚ ಬಾಡಿಗೆಗೆ ಹಿಡಿಯುವ ಬೆಡ್ ಸ್ಪೇಸಿನಲ್ಲಿದ್ದೆ. ಮಂಚದ ಸುತ್ತ ಎಳೆದ ಪರದೆಯ ಒಳಗೆ ಕೂತು ಬಟ್ಟೆ ಬದಲಿಸುವ, ಅಮ್ಮನಿಗೆ ಫೋನು ಮಾಡಲು ಮೆಟ್ಟಿಲಿಗೆ ಹೋಗುವ ಬದುಕು. ಒಂದು ದಿನ ಊಟದ ಹೊತ್ತಿಗೆ ಅವಳೇ, “ನಮ್ಮಲ್ಲಿ ಒಂದು ಕೋಣೆ ಖಾಲಿ ಇದೆ. ಗಂಡ ಇದ್ದಾನೆ, ಎರಡು ವರ್ಷದ ಮಗ ಇದ್ದಾನೆ, ಗಲಾಟೆ ಇರುತ್ತದೆ. ನಿನಗೆ ಆಗುತ್ತದಾ?” ಎಂದಳು. ನೋಡಲು ಹೋದೆ. ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿತ್ತು. ನನಗೆ ಅಷ್ಟು ಸಾಕಾಗಿತ್ತು.

ಮಗುವನ್ನು ನೋಡಿಕೊಳ್ಳಲು ಅತ್ತೆ ವಿಸಿಟ್ ವೀಸಾದಲ್ಲಿ ಬಂದದ್ದು ಅದೇ ಚಳಿಗಾಲ. ಸರ್ಬಿಯಾದ ಪಶ್ಚಿಮದ ಗುಡ್ಡಗಳ ನಡುವಿನ ಹಳ್ಳಿಯವರು. ತಲೆಗೆ ಕಪ್ಪು ವಸ್ತ್ರ, ಅಗಲ ಕೈಗಳು, ಕಾಲಿಗೆ ಉಣ್ಣೆಯ ಕಾಲುಚೀಲ. ಅಜ್ಜಿಗೆ ಅವರ ಭಾಷೆಯಲ್ಲಿ ‘ಬಾಬಾ’ ಎನ್ನುತ್ತಾರೆ. ನಾನೂ ಹಾಗೆಯೇ ಕರೆದೆ. ಕೆಳಗಿನ ಗ್ರೋಸರಿಯ ಮಲಯಾಳಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. “ಬಾಬಾಗೆ ಮೊಸರು” ಎಂದರೆ ಅವನು ನಮ್ಮ ಹಿಂದೆ ಯಾರಾದರೂ ಗಂಡಸು ಇದ್ದಾನೆಯೇ ಎಂದು ನೋಡುತ್ತಿದ್ದ. ನಾವಿದ್ದ ಕಟ್ಟಡಗಳ ಗುಂಪಿಗೆ ರಷ್ಯಾ ಕ್ಲಸ್ಟರ್ ಎಂದು ಹೆಸರು. ಬಾಬಾ ಮೊದಲ ವಾರ ಮೊಮ್ಮಗನನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಸುತ್ತಾಡಿ ಬಂದು, “ಇಲ್ಲಿ ಒಬ್ಬ ರಷ್ಯದವನೂ ಇಲ್ಲವಲ್ಲ” ಎಂದು ಸೊಸೆಯ ಹತ್ತಿರ ದೂರಿದರು.

ಅವರು ಬಂದಾಗ ನಾನು ಕೋಣೆ ಬಿಟ್ಟುಕೊಡುತ್ತೇನೆ ಎಂದೆ. ಸೊಸೆ ಅದನ್ನು ಅವರಿಗೆ ಹೇಳಿದಳು. ಬಾಬಾ ಕೋಣೆಯ ಬಾಗಿಲಲ್ಲಿ ನಿಂತು ಮಂಚ, ಸೂಟ್‌ಕೇಸು, ಮೇಜು ನೋಡಿದರು. “ಒಲೆ ಇಲ್ಲ, ಹಾಸಿಗೆ ಇದೆ, ಪೆಟ್ಟಿಗೆ ಇದೆ. ಇದು ವಾಯತ್. ವಾಯತ್‌ನಲ್ಲಿ ಇರುವವರನ್ನು ಎಬ್ಬಿಸುವುದಿಲ್ಲ” ಎಂದು ಹೇಳಿ ಹಾಲ್‌ನ ಸೋಫಾದ ಮೇಲೆ ತಮ್ಮ ಹೊದಿಕೆ ಹಾಸಿದರು.

ವಾಯತ್ ಎಂದರೇನೆಂದು ಗೊತ್ತಾದದ್ದು ಆಮೇಲೆ, ಎಲೆಕೋಸು ಹೆಚ್ಚುತ್ತ ಕೂತಾಗ. ಬಾಬಾ ಚಿಕ್ಕವರಿದ್ದಾಗ ಅವರದು ದೊಡ್ಡ ಕೂಡುಕುಟುಂಬ. ಅಂಥ ಮನೆಗೆ ‘ಝಾದ್ರುಗಾ’ ಎನ್ನುತ್ತಿದ್ದರಂತೆ. ಅಂಗಳದ ನಡುವೆ ಒಲೆ ಇರುವ ಮನೆ. ಸುತ್ತಲೂ ಮರದ ಪುಟ್ಟ ಗುಡಿಸಲುಗಳು, ಮದುವೆಯಾದ ಒಬ್ಬೊಬ್ಬ ಮಗನಿಗೆ ಒಂದೊಂದು. ಅವೇ ವಾಯತ್‌ಗಳು. ಮಲಗುವುದು ಅಲ್ಲಿ, ಉಣ್ಣುವುದು ದೊಡ್ಡ ಮನೆಯಲ್ಲಿ. ಬೆಂಕಿ ಒಂದೇ, ರೊಟ್ಟಿ ಒಂದೇ. ಸೊಸೆಯಂದಿರು ವಾರಕ್ಕೊಬ್ಬರಂತೆ ಸರದಿಯಲ್ಲಿ ಅಡುಗೆ ಮಾಡಬೇಕು. ಸರದಿ ಇದ್ದವಳು ಆ ವಾರ ಹೊಲಕ್ಕೆ ಹೋಗಬೇಕಾಗಿಲ್ಲ.

“ಹಾಗಾದರೆ ಎಲ್ಲರೂ ಸರದಿಗೆ ಕಾಯುತ್ತಿದ್ದರೇ?” ನಾನು ಕೇಳಿದೆ.

ಸೊಸೆ ಅನುವಾದಿಸುವ ಮೊದಲೇ ನಕ್ಕಳು. ಬಾಬಾ ಹೇಳಿದ್ದು ಇಷ್ಟು: “ಕಾಯುತ್ತಿದ್ದರು. ಹಿಂದಿನವಳು ಉಪ್ಪಿನ ಡಬ್ಬಿ ಖಾಲಿ ಬಿಟ್ಟಿದ್ದಾಳೆಂದು ಜಗಳವಾಡಲು.”

ಮುಂದಿನ ವಾರದಿಂದ ನಮ್ಮಲ್ಲೂ ಸರದಿ ಶುರುವಾಯಿತು. ಒಂದು ವಾರ ಸೊಸೆ, ಒಂದು ವಾರ ಬಾಬಾ, ಒಂದು ವಾರ ನಾನು. ನಾನು ಬಾಡಿಗೆಯವಳು ಎಂದು ಸೊಸೆ ಮೆಲ್ಲಗೆ ನೆನಪಿಸಿದಳು. ಬಾಬಾ ಕೇಳಿಸಿಕೊಳ್ಳಲಿಲ್ಲ. ನನಗೂ ಬೇಜಾರಿರಲಿಲ್ಲ. ನನ್ನ ವಾರದಲ್ಲಿ ಅವರೆಲ್ಲ ಸಾರು ಅನ್ನ ಉಂಡರು, ಅವರ ವಾರದಲ್ಲಿ ನಾನು ಹುರುಳಿಕಾಯಿ, ಹುಳಿ ಎಲೆಕೋಸು ಉಂಡೆ.

ಬಾಬಾ ನನ್ನನ್ನು ‘ಸಿನೆ’ ಎನ್ನುತ್ತಿದ್ದರು. ಅದರ ಅರ್ಥ ಮಗನೇ ಎಂದು. ಪ್ರೀತಿ ಬಂದರೆ ಹೆಣ್ಣುಮಕ್ಕಳನ್ನೂ ಹಾಗೆ ಕರೆಯುತ್ತಾರಂತೆ. ನನ್ನ ದೊಡ್ಡಮ್ಮ ನನ್ನನ್ನು ‘ಮಗಾ’ ಎಂದೇ ಕರೆಯುವುದು. ಬಾಬಾನ ಭಾಷೆಯಲ್ಲಿ ಅಪ್ಪನ ತಮ್ಮನಿಗೆ ಒಂದು ಶಬ್ದ, ಅಮ್ಮನ ತಮ್ಮನಿಗೆ ಬೇರೆ ಶಬ್ದ. ಲ್ಯಾಬಿನಲ್ಲಿ ನೆಂಟರ ಮಾತು ಬಂದರೆ ಎಲ್ಲರನ್ನೂ ಇಂಗ್ಲಿಷಿನ ಅಂಕಲ್ ಎಂದು ಮುಗಿಸಿ ಅಭ್ಯಾಸವಾಗಿದ್ದ ನನಗೆ ಇದು ಹಿತವೆನಿಸಿತು. ಆದರೆ ನಮ್ಮ ತುಳುವರಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ, ಹಿಂದೆ ಆಸ್ತಿಯೂ ಸೋದರಳಿಯನಿಗೇ ಹೋಗುತ್ತಿತ್ತು ಎಂದಾಗ ಬಾಬಾ ಚಾಕು ಕೆಳಗಿಟ್ಟರು.

“ಹಾಗಾದರೆ ಗಂಡಸರ ಸ್ವಂತ ಮಕ್ಕಳು?”

“ಅವರು ಅವರ ಅಮ್ಮನ ಮನೆಯವರು.”

“ಪಾಪ” ಎಂದರು. “ಆದರೆ ಅತ್ತೆ ಸೊಸೆ ಜಗಳ ಇರಲಿಕ್ಕಿಲ್ಲ.”

ಇದ್ದದ್ದು ನನಗೆ ಗೊತ್ತಿತ್ತು.

ಬಾಬಾನ ಚಿಕ್ಕ ಮಗ, ಅಂದರೆ ನನ್ನ ಸಹೋದ್ಯೋಗಿಯ ಮೈದುನ, ಅಬುಧಾಬಿಯಲ್ಲಿ ಕ್ರೇನ್ ರಿಪೇರಿಯ ಕೆಲಸದಲ್ಲಿದ್ದ. ಹಮ್ದಾನ್ ಸ್ಟ್ರೀಟಿನ ಹಿಂದೆ ಕಂಪೆನಿಯ ವಸತಿ. ಶನಿವಾರ ಬೆಳಿಗ್ಗೆ ಅಲ್ ಮೀನಾದ ಮಾರ್ಕೆಟ್ಟಿನಿಂದ ಮೀನು ತೆಗೆದು, ಐಸ್ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ನನ್ನನ್ನು ಮಿಸ್ ಎನ್ನುತ್ತಿದ್ದ. ನಾನು ಅಂಜಲ್ ಮೀನಿಗೆ ಮಸಾಲೆ ಹಚ್ಚಿ ಹುರಿದಾಗ ಒಮ್ಮೆ ಚೆನ್ನಾಗಿದೆ ಎಂದದ್ದು ಬಿಟ್ಟರೆ ನಮ್ಮ ನಡುವೆ ಹೆಚ್ಚು ಮಾತಿಲ್ಲ. ಅವನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿತ್ತು, ಬೇರೇನೂ ಇರಲಿಲ್ಲ.

ಆ ವರ್ಷ ಅವರ ಈಸ್ಟರ್ ಮುಗಿದ ಬೆನ್ನಿಗೇ ನಮ್ಮ ಬಿಸು ಬಂತು. ಹಬ್ಬದ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನೋಡಲು ನನ್ನ ಮೇಜಿನ ಮೇಲೆ ಚಿಕ್ಕದಾಗಿ ಕಣಿ ಇಟ್ಟಿದ್ದೆ: ಕನ್ನಡಿ, ಅಕ್ಕಿ, ಸೌತೆಕಾಯಿ, ಬಾಳೆಹಣ್ಣು, ದೊಡ್ಡಮ್ಮ ಕೊಟ್ಟಿದ್ದ ಹಳೆಯ ಬೆಳ್ಳಿ ನಾಣ್ಯ. ಮರುದಿನ ನೋಡಿದರೆ ಅದರಲ್ಲಿ ಒಂದು ಕೆಂಪು ಮೊಟ್ಟೆಯೂ ಸೇರಿತ್ತು, ಅವರ ಈಸ್ಟರಿಗೆ ಬಣ್ಣ ಹಾಕಿದ್ದು. ನಾನು ಅದನ್ನು ತೆಗೆಯಲಿಲ್ಲ. ಇದು ಹೊಸ ವರ್ಷದ ಹಬ್ಬ, ಈ ದಿನ ಮನೆಯ ಹಿರಿಯರು ಕೈಗೆ ಹಣ್ಣು, ನಾಣ್ಯ ಇಟ್ಟು ಹರಸುತ್ತಾರೆ ಎಂದು ಲ್ಯಾಬಿನಲ್ಲಿ ಸಹೋದ್ಯೋಗಿಗೆ ಹೇಳಿದ್ದೆ. ಬಿಸು ವಾರದ ನಡುವೆ ಬಂದದ್ದರಿಂದ ಪಾಯಸವನ್ನು ಶನಿವಾರಕ್ಕೆ ಇಟ್ಟುಕೊಂಡೆ.

ಶನಿವಾರ ಮಧ್ಯಾಹ್ನ ಹೆಸರುಬೇಳೆ ಪಾಯಸ ಕುದಿಯುತ್ತಿತ್ತು. ಸಹೋದ್ಯೋಗಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಮೈದುನ ಆಗಷ್ಟೇ ಬಂದು ಮೀನಿನ ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಬಾಬಾ ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡು ಬಂದರು. ಅವರ ಕೈಯಲ್ಲಿ ಕೆಂಪು ಸೇಬು. ಅದರ ಹೊಟ್ಟೆ ಸೀಳಿ ಒಂದು ಚಿನ್ನದ ನಾಣ್ಯವನ್ನು ಅರ್ಧ ಒಳಗೆ ತೂರಿಸಿದ್ದರು. ಅದನ್ನು ನನ್ನ ಮುಂದೆ ಚಾಚಿದರು.

ನಾನು ಕಣಿಯನ್ನು ನೆನೆದೆ. ನನ್ನ ಮನೆಯವರು ಇಲ್ಲಿಲ್ಲ ಎಂದು ಇವರೇ ಆ ಸ್ಥಾನದಲ್ಲಿ ನಿಂತು ಹಣ್ಣು ಕೊಡುತ್ತಿದ್ದಾರೆ ಎಂದುಕೊಂಡೆ. ಸೌಟು ಬದಿಗಿಟ್ಟು, ಕೈ ಒರೆಸಿಕೊಂಡು, ಸೇಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಬಗ್ಗಿ ಅವರ ಕಾಲು ಹಿಡಿದೆ.

ಬಾಬಾ ನನ್ನನ್ನು ಎತ್ತಿ ಕೆನ್ನೆಗಳಿಗೆ ಮೂರು ಸಲ ಮುತ್ತಿಟ್ಟು ಅಳತೊಡಗಿದರು. ಮೈದುನ ಡಬ್ಬಿಯನ್ನು ನೆಲಕ್ಕಿಟ್ಟ. ಮುಖ ಬಿಳಿಚಿಕೊಂಡಿತ್ತು. ಸಹೋದ್ಯೋಗಿ ಒದ್ದೆ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದವಳು ನನ್ನ ಕೈ ನೋಡಿದಳು.

“ನೀನು ಅದನ್ನು ತಗೊಂಡೆಯಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಹೌದು. ಯಾಕೆ?”

“ಪಾಯಸದ ಒಲೆ ಆರಿಸು. ನನ್ನ ಜೊತೆ ಬಾ.”

ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗಳ ನಡುವೆ ನಿಂತು ಅವಳು ವಿವರಿಸಿದಳು. ಅವರ ಹಳ್ಳಿಗಳಲ್ಲಿ ಹೆಣ್ಣು ಕೇಳುವುದು ಹೀಗೆ. ಗಂಡಿನ ಮನೆಯವರು ನಾಣ್ಯ ಚುಚ್ಚಿದ ಸೇಬು ನೀಡುತ್ತಾರೆ. ಒಪ್ಪಿಗೆ ಇಲ್ಲದವಳು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ತೆಗೆದುಕೊಂಡರೆ ಮಾತು ಮುಗಿಯಿತು, ನಿಶ್ಚಿತಾರ್ಥವೇ ಆದಂತೆ. “ಈಗ ಯಾರೂ ಹೀಗೆ ಮಾಡುವುದಿಲ್ಲ. ನನಗೂ ಮಾಡಲಿಲ್ಲ. ಆದರೆ ಅತ್ತೆಗೆ ನಿನ್ನ ಮೇಲೆ ಎಷ್ಟು ಮನಸ್ಸು ಅಂತ ನನಗೆ ಗೊತ್ತಾಗಬೇಕಿತ್ತು. ಅದೂ ಕಾಲಿಗೆ ಬೇರೆ ಬಿದ್ದೆಯಂತೆ. ನಮ್ಮ ಊರಿನ ಹುಡುಗಿಯರೂ ಅಷ್ಟು ಮಾಡಲಿಕ್ಕಿಲ್ಲ.”

“ವಾಪಸು ಕೊಟ್ಟರೆ?”

ಅವಳು ಬಟ್ಟೆಯ ಕ್ಲಿಪ್ಪು ತೆಗೆದು ಮತ್ತೆ ಹಾಕಿದಳು. “ಅವರು ಹಾಸಿಗೆ ಹಿಡಿಯುತ್ತಾರೆ. ಆಮೇಲೆ ಈ ಮನೆಯಲ್ಲಿ ನೀವಿಬ್ಬರೂ ಒಟ್ಟಿಗೆ ಇರುವುದು ಕಷ್ಟ. ನಾಳೆ ಮಧ್ಯಾಹ್ನ ಊರಿಗೆ ಫೋನು ಮಾಡುತ್ತಾರಲ್ಲ, ಅಲ್ಲಿ ಚರ್ಚು ಬಿಟ್ಟ ಮೇಲೆ. ವಾರಗಿತ್ತಿಗೆ ಹೇಳಿದರೆಂದರೆ ಇಡೀ ಹಳ್ಳಿಗೆ ಹೇಳಿದ ಹಾಗೆ.”

ಕೋಣೆಗೆ ಬಂದು ಚಿಲಕ ಹಾಕಿಕೊಂಡೆ. ಸೇಬನ್ನು ಕಣಿಯ ಪಕ್ಕದಲ್ಲಿಟ್ಟೆ. ನನಗೆ ಈ ಮದುವೆ ಬೇಡ ಎಂಬುದರಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಆದರೆ ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಈ ಚಿಲಕ, ಈ ಮೇಜು, ಆಚೆ ಕಡೆ ಗುನುಗುತ್ತ ಪಾತ್ರೆ ತೊಳೆಯುವ ಈ ಅಜ್ಜಿ, ಎಲ್ಲ ಹೋಗುತ್ತದೆ. ಮತ್ತೆ ಪರದೆಯೊಳಗಿನ ಮಂಚ. ನನ್ನ ವಿಷಯವನ್ನು ಮನೆಮಂದಿಯೆಲ್ಲ ಕೂತು ಮಾತಾಡುವುದು ಎಂದರೆ ನನಗೆ ಮೊದಲಿನಿಂದಲೂ ಆಗದು. ಈಗ ಅದು ನನಗೆ ತಿಳಿಯದ ಭಾಷೆಯಲ್ಲಿ ನಡೆಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಮೈದುನ ಹೊರಗೆ ದೂರದಲ್ಲಿ ನಿಂತಿದ್ದ.

“ಮಿಸ್, ನನಗೆ ಗೊತ್ತಿರಲಿಲ್ಲ. ಆ ನಾಣ್ಯ ಅಣ್ಣನ ಮದುವೆಯಿಂದ ಅಮ್ಮನ ಕರವಸ್ತ್ರದಲ್ಲಿದೆ. ಯಾರಿಗಾದರೂ ಕೊಡಬೇಕು ಅಂತ ಕಾಯುತ್ತಿದ್ದರು.”

“ನಿಮಗೆ ಒಪ್ಪಿಗೆ ಇದೆಯಾ?” ನೇರವಾಗಿ ಕೇಳಿದೆ. ಕೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ಅವನು ತನ್ನ ಚಪ್ಪಲಿ ನೋಡಿಕೊಂಡ. “ನೀವು ಒಳ್ಳೆಯವರು.”

“ಹಾಗಾದರೆ ಇಲ್ಲ.”

“ಇಲ್ಲ” ಎಂದ. ಇಬ್ಬರಿಗೂ ನಗು ಬಂತು. “ಆದರೆ ಅಮ್ಮನಿಗೆ ಹೇಳುವುದು ನನ್ನ ಕೈಲಿ ಆಗುವುದಿಲ್ಲ. ಕ್ರೇನಿನ ತುದಿಗೆ ಹತ್ತು ಅಂದರೆ ಹತ್ತುತ್ತೇನೆ.”

ನಮ್ಮಲ್ಲಿ ಬೇಡದ ಸಂಬಂಧಗಳನ್ನು ಹಿರಿಯರು ಹೇಗೆ ಬಿಡಿಸುತ್ತಾರೆ ಎಂದು ಆಗ ನೆನಪಾಯಿತು. ದೊಡ್ಡಮ್ಮ ಇದರಲ್ಲಿ ಪಳಗಿದವರು. ಹುಡುಗನ ಬಣ್ಣ, ಕೆಲಸ, ಗುಣ ಯಾವುದರ ಮಾತನ್ನೂ ಎತ್ತುವುದಿಲ್ಲ. “ವಿಚಾರಿಸಿದೆವು, ಬಳಿ ಒಂದೇ ಅಂತೆ” ಎನ್ನುತ್ತಾರೆ. ಬಳಿ ಒಂದೇ ಆದರೆ ಅವರು ಅಣ್ಣ ತಂಗಿ. ಮದುವೆಯ ಮಾತೇ ಇಲ್ಲ. ಯಾರಿಗೂ ಅವಮಾನವಿಲ್ಲ. ಬಂದವರು ಕಾಫಿ ಕುಡಿದು, ಹೊಸ ನೆಂಟರಾಗಿ ಎದ್ದು ಹೋಗುತ್ತಾರೆ.

ಅಡುಗೆಮನೆಗೆ ಹೋದೆ. ಸಹೋದ್ಯೋಗಿ ಮೀನು ಉಜ್ಜುತ್ತಿದ್ದಳು. ಬಾಬಾ ಹಾಲ್‌ನಲ್ಲಿ ಮಗುವನ್ನು ಮಲಗಿಸುತ್ತಿದ್ದರು.

“ನಿಮ್ಮಲ್ಲಿ ಯಾರು ಯಾರನ್ನು ಮದುವೆ ಆಗುವ ಹಾಗಿಲ್ಲ?”

“ಈಗ ಇದನ್ನು ಯಾಕೆ ಕೇಳುತ್ತೀಯ?”

“ಹೇಳು.”

“ಅಪ್ಪನ ಕಡೆಯವರು, ಅಮ್ಮನ ಕಡೆಯವರು, ಎಷ್ಟು ದೂರ ಆದರೂ. ಮತ್ತೆ ಕುಮ್. ಅಂದರೆ ಮಗುವಿಗೆ ಜ್ಞಾನಸ್ನಾನ ಮಾಡಿಸುವಾಗ ಎತ್ತಿಕೊಳ್ಳುವವರು, ಮದುವೆಗೆ ಸಾಕ್ಷಿ ನಿಲ್ಲುವವರು. ಹೆಂಗಸಾದರೆ ಕುಮಾ. ಅವರು ರಕ್ತಸಂಬಂಧಕ್ಕಿಂತ ಹೆಚ್ಚು. ಆ ಮನೆಗೂ ಈ ಮನೆಗೂ ಹೆಣ್ಣು ಗಂಡು ತರುವ ಹಾಗೇ ಇಲ್ಲ.”

“ಅದಕ್ಕೆ ನಿಮ್ಮ ಧರ್ಮದವರೇ ಆಗಬೇಕಲ್ಲ.”

“ಜ್ಞಾನಸ್ನಾನಕ್ಕೆ ಆಗಬೇಕು. ಕೂದಲಿಗೆ ಬೇಡ.” ಅವಳ ಕೈ ನಿಂತಿತು. “ಮಗುವಿನ ಮೊದಲ ಕೂದಲು ಕತ್ತರಿಸುವವರೂ ಕುಮ್ ಆಗುತ್ತಾರೆ. ನನ್ನ ಅಜ್ಜನ ಮನೆಗೆ ನದಿಯಾಚೆಯ ಮುಸ್ಲಿಮರು ಕೂದಲಿನ ಕುಮ್ ಆಗಿದ್ದರು.”

ಇಬ್ಬರೂ ಹಾಲ್‌ನ ಕಡೆ ನೋಡಿದೆವು. ಮಗುವಿನ ಕೂದಲನ್ನು ಅದುವರೆಗೆ ಯಾರೂ ಕತ್ತರಿಸಿರಲಿಲ್ಲ. ಕಣ್ಣಿಗೆ ಬೀಳುತ್ತದೆಂದು ನಾನೇ ದಿನಾ ಬೆಳಿಗ್ಗೆ ನನ್ನ ಕ್ಲಿಪ್ಪು ಸಿಕ್ಕಿಸುತ್ತಿದ್ದೆ. ಬೇಸಿಗೆಗೆ ಊರಿಗೆ ಹೋದಾಗ ಯೋಗ್ಯರನ್ನು ನೋಡಿ ಕತ್ತರಿಸೋಣ ಎಂದು ಬಾಬಾ ತಡೆದಿಟ್ಟಿದ್ದರು.

“ಆದರೆ ನೀನಾಗಿ ಮುಂದೆ ಬರುವ ಹಾಗಿಲ್ಲ” ಎಂದಳು. “ಮನೆಯವರು ಕೇಳಬೇಕು. ನನ್ನ ಗಂಡ ಕೇಳಬೇಕು.”

ಗಂಡ ಮಾತು ಕಡಿಮೆಯ ಮನುಷ್ಯ. ಎಲ್ಲ ಕೇಳಿಸಿಕೊಂಡು ತಲೆ ಕೆರೆದುಕೊಂಡ. “ನಾನು ಕೇಳುತ್ತೇನೆ. ಆದರೆ ನಮ್ಮ ಮನೆಯಲ್ಲಿ ಇಂಥದ್ದಕ್ಕೆ ಕತ್ತರಿ ತಂದುಕೊಡುವುದು ಅಮ್ಮ. ಅಮ್ಮ ತಂದುಕೊಟ್ಟರೆ ಖಲಾಸ್, ಆಯಿತು. ತರದಿದ್ದರೆ ನಾನೇನೂ ಮಾಡಲಾರೆ.”

ಭಾನುವಾರ ಬೆಳಿಗ್ಗೆ ಎಲ್ಲರೂ ಮೇಜಿನ ಸುತ್ತ ಕಾಫಿ ಕುಡಿಯುತ್ತಿದ್ದರು. ಮೈದುನನನ್ನು ಬಾಬಾ ರಾತ್ರಿ ಅಲ್ಲೇ ಉಳಿಸಿಕೊಂಡಿದ್ದರು. ಫೋನನ್ನು ಆಗಲೇ ಚಾರ್ಜಿಗೆ ಹಾಕಿಟ್ಟಿದ್ದರು. ನಾನು ಸೇಬು ಹಿಡಿದು ಬಂದು ಕೂತೆ. ಮಗು ಎಂದಿನಂತೆ ನನ್ನ ಮಡಿಲಿಗೆ ಹತ್ತಿತು. ಅದರ ಕೈಗೆ ಸೇಬು ಕೊಟ್ಟು, ಕ್ಲಿಪ್ಪು ತೆಗೆದೆ. ಕೂದಲು ಮೂಗಿನವರೆಗೆ ಇಳಿಯಿತು.

ಗಂಡ ಎದ್ದು ನಿಂತ. ನನ್ನ ಕಡೆ ತಿರುಗಿ ನಿಧಾನವಾಗಿ ಏನೋ ಹೇಳಿದ. ನನಗೆ ತಿಳಿದದ್ದು ‘ಕುಮಾ’ ಎಂಬ ಒಂದು ಶಬ್ದ ಮಾತ್ರ. ನಾನು ತಲೆಯಾಡಿಸಿದೆ.

ಬಾಬಾ ಲೋಟ ಕೆಳಗಿಟ್ಟರು. ಸೇಬನ್ನು ನೋಡಿದರು, ಚಿಕ್ಕ ಮಗನನ್ನು ನೋಡಿದರು. ಅವನು ಸಕ್ಕರೆ ಡಬ್ಬಿಯ ಮುಚ್ಚಳವನ್ನು ಬಹಳ ಗಮನವಿಟ್ಟು ತಿರುಗಿಸುತ್ತಿದ್ದ. ಕೊನೆಗೆ ನನ್ನನ್ನು ನೋಡಿ ಒಂದು ಪ್ರಶ್ನೆ ಕೇಳಿದರು. ಸೊಸೆ ಅನುವಾದಿಸಿದಳು.

“ಮಗಾ, ನಿನ್ನೆ ನನ್ನ ಕಾಲು ಹಿಡಿದದ್ದು ಯಾಕೆ, ಅಂತ ಕೇಳುತ್ತಿದ್ದಾರೆ.”

ಏನಾದರೂ ಜಾಣ ಉತ್ತರ ಹುಡುಕಬಹುದಿತ್ತು. “ನಮ್ಮಲ್ಲಿ ಬಿಸುವಿಗೆ ಅಜ್ಜಿ ಹಣ್ಣು ಕೊಟ್ಟರೆ ಕಾಲು ಹಿಡಿಯುತ್ತೇವೆ” ಎಂದೆ.

ಸೊಸೆ ಹೇಳಿದಳು. ಬಾಬಾ ಇನ್ನೊಮ್ಮೆ ಹೇಳಿಸಿಕೊಂಡರು.

“ಅಜ್ಜಿ” ಎಂದರು. “ಅತ್ತೆ ಅಲ್ಲ.”

“ಅಲ್ಲ.”

ಅವರು ಎದ್ದು ಹೋದರು. ಹಾಲ್‌ನ ಮೂಲೆಯಲ್ಲಿ ಅವರ ಪೆಟ್ಟಿಗೆ ತೆರೆದ ಸದ್ದಾಯಿತು. ಮಗು ಸೇಬಿಗೆ ಹಲ್ಲು ಊರಿತು. ನಾನು ಮನಸ್ಸಿನಲ್ಲೇ ಸೂಟ್‌ಕೇಸು ಕಟ್ಟತೊಡಗಿದ್ದೆ. ಪುಸ್ತಕಗಳು ಕೆಳಗೆ, ಕನ್ನಡಿ ಬಟ್ಟೆಗಳ ನಡುವೆ. ಬಾಬಾ ವಾಪಸು ಬಂದಾಗ ಅವರ ಒಂದು ಕೈಯಲ್ಲಿ ಬಿಳಿಯ ಟವೆಲು, ಇನ್ನೊಂದರಲ್ಲಿ ಕತ್ತರಿ.

ಹಿಡಿಯನ್ನು ನನ್ನ ಕಡೆ ಮಾಡಿ ಕೊಟ್ಟರು. ಶಿಲುಬೆಯ ಆಕಾರದಲ್ಲಿ, ಹಣೆಯ ಮೇಲೆ, ಹಿಂದೆ, ಬಲಕ್ಕೆ, ಎಡಕ್ಕೆ ಒಂದೊಂದು ಎಳೆ ಕತ್ತರಿಸಬೇಕೆಂದು ಬೆರಳಿಟ್ಟು ತೋರಿಸಿದರು. ಅವರು ತೋರಿಸಿದಂತೆ ಒಂದೊಂದಾಗಿ ಕತ್ತರಿಸಿದೆ. ಕೂದಲು ಬಹಳ ಮೆತ್ತಗಿತ್ತು. ಕತ್ತರಿಸಿದ್ದನ್ನೆಲ್ಲ ಬಾಬಾ ಟವೆಲಿನಲ್ಲಿ ಹಿಡಿದರು.

ಕುಮಾ ಆದವಳು ಮಗುವಿಗೆ ಏನಾದರೂ ಕೊಡಬೇಕು ಎಂದು ಸಹೋದ್ಯೋಗಿ ಮೊದಲೇ ಹೇಳಿದ್ದಳು. ನಾನು ಸೇಬಿನಲ್ಲಿದ್ದ ಚಿನ್ನದ ನಾಣ್ಯವನ್ನು ತೆಗೆಯಲು ಹೋದೆ. ಬಾಬಾ ನನ್ನ ಬೆರಳ ಮೇಲೆ ಮೆಲ್ಲಗೆ ಹೊಡೆದರು.

“ಇದು ನಿನ್ನದಲ್ಲ. ನಿನ್ನದು ಏನಾದರೂ ಕೊಡು.” ನಾಣ್ಯವನ್ನು ತಾವೇ ಕಿತ್ತು, ತೊಳೆದು, ಒರೆಸಿ, ಕರವಸ್ತ್ರದಲ್ಲಿ ಗಂಟು ಹಾಕಿದರು.

ನಾನು ಕೋಣೆಗೆ ಹೋಗಿ ಕಣಿಯಲ್ಲಿದ್ದ ದೊಡ್ಡಮ್ಮನ ಬೆಳ್ಳಿ ನಾಣ್ಯ ತಂದು ಮಗುವಿನ ಕೈಗೆ ಕೊಟ್ಟೆ. ದೊಡ್ಡಮ್ಮನಿಗೆ ಗೊತ್ತಾದರೆ ಬೇಸರಪಡಲಿಕ್ಕಿಲ್ಲ ಎಂದು ಈಗಲೂ ನಂಬಿದ್ದೇನೆ. ಬಾಬಾ ನನಗೆ ಮತ್ತೆ ಮೂರು ಸಲ ಮುತ್ತಿಟ್ಟರು. ಈ ಸಲ ಅಳಲಿಲ್ಲ. ಸೊಸೆಗೆ ಏನೋ ಹೇಳಿದರು. ಅವಳು ನಗು ತಡೆದುಕೊಂಡು ಅನುವಾದಿಸಿದಳು.

“ಇಷ್ಟು ಬುದ್ಧಿ ಇರುವ ಸೊಸೆ ಬಂದಿದ್ದರೆ ತಾನೇ ಸಾಯಬೇಕಿತ್ತಂತೆ. ಕುಮಾ ಆದದ್ದೇ ಒಳ್ಳೆಯದಾಯಿತಂತೆ.”

ಮಧ್ಯಾಹ್ನ ಊರಿಗೆ ಫೋನು ಹೋಯಿತು. ನಾನು ಬಾಗಿಲು ತೆರೆದಿಟ್ಟೇ ಕೋಣೆಯಲ್ಲಿ ಕೂತಿದ್ದೆ. ತಿಳಿಯದ ಶಬ್ದಗಳ ನಡುವೆ ‘ಕುಮಾ’ ಎಂಬುದು ಮತ್ತೆ ಮತ್ತೆ ಕೇಳಿಸಿತು. ಆಮೇಲೆ ಎರಡು ಲೋಟ ತಣ್ಣನೆಯ ಪಾಯಸ ಕುಡಿದೆ. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ ಎಂದು ಆಗ ಗೊತ್ತಾಯಿತು.

ಮುಂದಿನ ಶನಿವಾರ ಮೈದುನ ಮೀನಿನ ಡಬ್ಬಿಯನ್ನು ನೇರ ನನ್ನ ಕೈಗೆ ಕೊಟ್ಟು, “ಕುಮೊ, ಇವತ್ತು ಅಂಜಲ್ ದೊಡ್ಡದು ಸಿಕ್ಕಿತು” ಎಂದ. ಕುಮಾಳನ್ನು ಕರೆಯುವಾಗ ಕುಮೊ ಎನ್ನುತ್ತಾರಂತೆ. ಮಿಸ್ ಎನ್ನುವುದು ಅಲ್ಲಿಗೆ ಮುಗಿಯಿತು. ನಾನೂ ಅವನ ಮುಖ ನೋಡಿ ಮಾತಾಡಿದೆ. ಅಂದು ಅವನು ಅಬುಧಾಬಿಯ ಸುದ್ದಿ ಬಹಳ ಹೇಳಿದ. ತಮಾಷೆಯ ಮನುಷ್ಯ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಮೀನು ಹುರಿಯಲು ಬಾಣಲೆ ಎತ್ತಿಕೊಂಡರೆ ಬಾಬಾ ಅದನ್ನು ಕಸಿದುಕೊಂಡರು. ಕುಮಾ ಮೇಜಿನ ತುದಿಯ ಗೌರವದ ಜಾಗದಲ್ಲಿ ಕೂರಬೇಕಾದವಳು, ಅವಳಿಂದ ಅಡುಗೆ ಮಾಡಿಸಿದರೆ ಊರವರು ಏನೆಂದಾರು? ಆ ದಿನದಿಂದ ಸರದಿಯಲ್ಲಿ ನಾನಿಲ್ಲ. ಸಹೋದ್ಯೋಗಿ ಇದನ್ನು ಇವತ್ತಿಗೂ ಕ್ಷಮಿಸಿಲ್ಲ. “ಇದನ್ನೂ ಮೊದಲೇ ಲೆಕ್ಕ ಹಾಕಿದ್ದೆ, ಅಲ್ಲವಾ?” ಎನ್ನುತ್ತಾಳೆ.

ಊಟದ ಮೇಲೆ ಬಾಬಾ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಕರವಸ್ತ್ರದ ಗಂಟು ಬಿಚ್ಚಿ, ಚಿನ್ನದ ನಾಣ್ಯವನ್ನು ನಮ್ಮಿಬ್ಬರ ನಡುವೆ ಇಟ್ಟರು. ನಾನು ಎರಡೂ ಕೈಯನ್ನು ಮಡಿಲಿಗೆ ಎಳೆದುಕೊಂಡೆ. ಸೊಸೆ ಕೈ ಒರೆಸಿಕೊಂಡು ಅನುವಾದಕ್ಕೆ ಬಂದಳು.

“ಕುಮಾ ಎಂದ ಮೇಲೆ ಮನೆಯ ಹುಡುಗನಿಗೆ ಹೆಣ್ಣು ಹುಡುಕುವುದು ನಿನ್ನ ಜವಾಬ್ದಾರಿಯೂ ಹೌದಂತೆ. ನಮ್ಮ ಲ್ಯಾಬಿನಲ್ಲಿ ಒಳ್ಳೆಯ ಹುಡುಗಿಯರು ಯಾರಿದ್ದಾರೆ ಅಂತ ಕೇಳುತ್ತಿದ್ದಾರೆ.”

“ಮೊದಲು ಸೇಬಿನ ಅರ್ಥ ಹೇಳಿಕೊಟ್ಟು ಕೇಳೋಣ ಅನ್ನು” ಎಂದೆ.

ಬಾಬಾ ಅದನ್ನು ಕೇಳಿ ನಾಣ್ಯವನ್ನು ಮತ್ತೆ ಕರವಸ್ತ್ರದಲ್ಲಿ ಗಂಟು ಹಾಕಿದರು. ಹಾಗೆ ಹೇಳಿ ಕೇಳಿದರೆ ಸೇಬನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದರು.